ತಾರಸಿ ಮೇಲೊಂದು ಬೆಳ್ಳಂದೂರು

ಮಾರೇನಹಳ್ಳಿಯಲ್ಲಿ ಮನೆ ಕಟ್ಟುವುದೆಂದರೆ ಸೈಟಿನ ನಾಲ್ಕೂ ಮೂಲೆಗೆ ಸಿಮೆಂಟು ಮುಟ್ಟಿಸುವುದು. ಬಿಡಬೇಕಾದ ಜಾಗವನ್ನು ನಕ್ಷೆಯಲ್ಲಿ ಧಾರಾಳವಾಗಿ ಬಿಟ್ಟು, ನೆಲದಲ್ಲಿ ಬಿಡದೆ, ಮಹಡಿ ಏರಿದಂತೆಲ್ಲ ಅರ್ಧರ್ಧ ಅಡಿ ಬೀದಿಯ ಕಡೆಗೆ ಚಾಚಿಕೊಳ್ಳುವುದು ಇಲ್ಲಿನ ಶಿಲ್ಪಶಾಸ್ತ್ರ. ಒಂದು ಮನೆಯ ಒಗ್ಗರಣೆಗೆ ಎದುರು ಮನೆಯವರು ಸೀನುವಷ್ಟು ಆತ್ಮೀಯತೆ. ಇಂಥ ಕಡೆ ಈಜುಕೊಳ ಎಲ್ಲಿ ಹಿಡಿಸುತ್ತದೆ ಎಂದು ಕೇಳುವವರಿಗೆ ವಿಜಯನಗರದವರ ಸಾಮರ್ಥ್ಯ ಗೊತ್ತಿಲ್ಲ. ತಾರಸಿಯಲ್ಲಿ ಹಿಡಿಸುತ್ತದೆ.

ಬೀದಿಯ ಅಂತಸ್ತು ಮೊದಲು ಸಂಪಿನಲ್ಲಿತ್ತು. ಆಮೇಲೆ ಬೋರ್‌ವೆಲ್, ಸೋಲಾರ್, ಲಿಫ್ಟು ಎಂದು ಮೇಲಕ್ಕೆ ಹೋಯಿತು. ಎಲ್ಲರ ಮನೆಗೂ ಲಿಫ್ಟು ಬಂದ ಮೇಲೆ ಲಿಫ್ಟಿನಲ್ಲಿ ಹತ್ತಿ ನೋಡುವಂಥದ್ದು ಏನಾದರೂ ಬೇಕಲ್ಲ? ನಮ್ಮ ಬೀದಿಯ ಯಜಮಾನರು 2023ರಲ್ಲಿ ತಾರಸಿಯ ಮೇಲೆ ಈಜುಕೊಳ ಕಟ್ಟಿಸಿದರು. ಪಾಲಿಕೆಯ ಅವಧಿ 2020ರಲ್ಲೇ ಮುಗಿದು, ಚುನಾವಣೆಗೆ ಕಾದು ಕಾದು ಬೇಸತ್ತಿದ್ದ ಟಿಕೆಟ್ ಆಕಾಂಕ್ಷಿಗಳಲ್ಲಿ ಅವರೂ ಒಬ್ಬರು. ಜನರ ನಡುವೆ ಧುಮುಕುವ ಯೋಗ ಬರುವವರೆಗೆ ನೀರಿಗಾದರೂ ಧುಮುಕೋಣ ಎಂದುಕೊಂಡಿರಬೇಕು.

ಹದಿನೈದು ಅಡಿ ಉದ್ದ, ಹತ್ತು ಅಡಿ ಅಗಲ, ನಾಲ್ಕು ಅಡಿ ಆಳ. ಲೆಕ್ಕ ಹಾಕಿದರೆ ಸುಮಾರು 17,000 ಲೀಟರ್, ಅಂದರೆ 17 ಟನ್. ಮೈಸೂರು ದಸರೆಯ ಆನೆ ಮೂರನ್ನು ತಂದು ತಾರಸಿಯಲ್ಲಿ ಕಟ್ಟಿದಷ್ಟು ಭಾರ. ಕೆಳಗೆ ಬಾಡಿಗೆಗಿದ್ದವರು ಸೀಲಿಂಗ್ ನೋಡುತ್ತಾ ಮಲಗಲು ಕಲಿತರು. ಎಂಜಿನಿಯರ್ ಪಿಲ್ಲರ್ ಬಗ್ಗೆ ಏನೋ ಗೊಣಗಿದ. ವಾಸ್ತು ಪಂಡಿತರು ಈಶಾನ್ಯದಲ್ಲಿ ನೀರಿದ್ದರೆ ಐಶ್ವರ್ಯ ಎಂದರು. ಯಾರ ಮಾತು ನಡೆಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಮೊದಲ ತಿಂಗಳು ನೀರು ತಿಳಿಯಾಗಿತ್ತು; ತಳದ ನೀಲಿ ಟೈಲ್ಸ್ ಎಣಿಸಬಹುದಿತ್ತು. ಪಾಚಿಗೆ ಬೇಕಾದ್ದು ಮೂರೇ: ಬಿಸಿಲು, ಊಟ, ಅಲುಗಾಡದ ನೀರು. ಬಿಸಿಲು ತಾರಸಿಯಲ್ಲಿ ಪುಕ್ಕಟೆ. ಊಟದ ವ್ಯವಸ್ಥೆಯನ್ನು ಪಶ್ಚಿಮ ಬೆಂಗಳೂರಿನ ಪಾರಿವಾಳಗಳು ನೋಡಿಕೊಂಡವು. ಅವುಗಳ ಹಿಕ್ಕೆಯಲ್ಲಿ ನೈಟ್ರೇಟು, ಫಾಸ್ಫೇಟು ಎಲ್ಲ ಇದ್ದು, ಪಾಚಿಯ ಮಟ್ಟಿಗೆ ಅದು ಹಬ್ಬದೂಟ. ಅಲುಗಾಡದಂತೆ ಕಾಪಾಡಿದವರು ಸ್ವತಃ ಯಜಮಾನರು. ದಿನಕ್ಕೆ ಎಂಟು ಗಂಟೆಯಾದರೂ ಓಡಬೇಕಾದ ಪಂಪನ್ನು ಬೆಸ್ಕಾಂ ಬಿಲ್ಲಿಗೆ ಹೆದರಿ, ನೆಂಟರು ಬಂದಾಗ ಮಾತ್ರ ಹಾಕುತ್ತಿದ್ದರು.

ಅಷ್ಟು ಸಾಲದೆಂದು ಸೆಪ್ಟೆಂಬರ್‌ನಲ್ಲಿ ಗಣೇಶನನ್ನು ಅಲ್ಲೇ ಮುಳುಗಿಸಿದರು. "ಬೀದಿ ತುದೀಲಿ ಟ್ಯಾಂಕರ್ ಗಾಡಿ ನಿಂತಿದೆಯಲ್ಲ ಸಾರ್" ಎಂದವರಿಗೆ, "ಸ್ವಂತ ಕಲ್ಯಾಣಿ ಇಟ್ಕೊಂಡು ಗಾಡಿಗೆ ಹಾಕ್ಲಾ?" ಎಂಬ ಉತ್ತರ. ಮಣ್ಣು, ಬಣ್ಣ, ಅರಿಶಿನ, ಗರಿಕೆ, ಇಪ್ಪತ್ತೊಂದು ಕಡುಬಿನಲ್ಲಿ ಕೈಜಾರಿದ ಎರಡು, ಎಲ್ಲವೂ ತಳ ಸೇರಿದವು. ದೀಪಾವಳಿಗೆ ಅಳಿಯ ಮೈತುಂಬ ಹರಳೆಣ್ಣೆ ಬಳಿದುಕೊಂಡು ನೇರ ಕೊಳಕ್ಕೇ ಇಳಿದರು. ಸೀಗೆಪುಡಿ ಸಮೇತ.

ಫೆಬ್ರವರಿ ಹೊತ್ತಿಗೆ ನೀರು ಬಗ್ಗಡವಾಯಿತು. ಆಮೇಲೆ ಗೋಡೆ ಜಾರತೊಡಗಿತು. ಒಂದು ಬೆಳಿಗ್ಗೆ ನೋಡಿದರೆ ಕೊಳ ಪೂರ್ತಿ ಹೆಸರುಬೇಳೆ ನೆನೆಸಿಟ್ಟ ಬಣ್ಣ.

ನಮ್ಮ ಬೀದಿಯಲ್ಲಿ ಕಾಯಿಲೆ ಬಿದ್ದವನಿಗೆ ವೈದ್ಯರ ಕೊರತೆಯಿಲ್ಲ, ನೀರಿಗೂ ಇರಲಿಲ್ಲ. "ಒಂದ್ ಮೂಟೆ ಬ್ಲೀಚಿಂಗ್ ಪೌಡರ್ ಸುರೀರಿ, ನಮ್ಮ ಸಂಪಿಗೆ ಅದೇ ಹಾಕೋದು" ಎಂದರು ನಿವೃತ್ತ ಹೆಡ್‌ಮಾಸ್ತರು. ಗ್ರಂದಿಗೆ ಅಂಗಡಿಯವರು ಎರಡು ಕೆ.ಜಿ. ಪಟಕ ಕಟ್ಟಿಕೊಟ್ಟರು. ಮಾಗಡಿ ಕಡೆಯಲ್ಲಿ ತೋಟವಿದ್ದವರೊಬ್ಬರು "ದ್ರಾಕ್ಷಿಗೆ ಹೊಡೀತೀವಲ್ಲ, ಮೈಲುತುತ್ತ, ಅದನ್ನ ಬಿಡಿ, ಬೂಷ್ಟು-ಪಾಚಿ ಎಲ್ಲಾ ಸತ್ತೋಗುತ್ತೆ" ಎಂದರು. ಹಳ್ಳಿಯಿಂದ ಬಂದಿದ್ದ ಅತ್ತೆಯವರು, ಚಿಲ್ಲದ ಬೀಜವನ್ನು ಗಡಿಗೆಯ ಒಳಗೋಡೆಗೆ ತೇದರೆ ರಾಡಿ ತಳಕ್ಕಿಳಿಯುತ್ತದೆ ಎಂದರು. ಅದು ಸುಳ್ಳಲ್ಲ, ನುಗ್ಗೆ ಬೀಜಕ್ಕೂ ಆ ಗುಣ ಇದೆ. ಆದರೆ 17,000 ಲೀಟರಿನ ಗಡಿಗೆಗೆ ತೇಯಲು ಸೊಸೆಯಂದಿರ ಸಂಖ್ಯೆ ಸಾಲದು. ಸೊಳ್ಳೆ ನಿಯಂತ್ರಣದ ಅನುಭವಿಯೊಬ್ಬರು ಗಪ್ಪಿ ಮೀನು ಬಿಡಲು ಹೇಳಿದರು. ಯಜಮಾನರು ಯಾರ ಮನಸ್ಸನ್ನೂ ನೋಯಿಸುವವರಲ್ಲ, ಮುಂದೆ ಎಲ್ಲರೂ ಮತದಾರರು. ಪಟಕ, ಮೈಲುತುತ್ತ ಎರಡೂ ಬಿದ್ದವು. ಬೆಳಿಗ್ಗೆ ಮೀನು ಬಿಟ್ಟರು, ಸಂಜೆ ಬ್ಲೀಚಿಂಗ್ ಪೌಡರ್ ಸುರಿದರು.

ಎಲ್ಲರೂ ಸುರಿಯುವುದನ್ನೇ ಹೇಳಿದರು. ನೀರಿನಲ್ಲಿ ಸದ್ಯ ಏನಿದೆ ಎಂದು ಅಳೆದು ನೋಡಿ ಎಂದವರು ಒಬ್ಬರಿಲ್ಲ. ಅಳೆಯುವ ಡಬ್ಬಿಗೆ ಕೆಲವು ನೂರು ರೂಪಾಯಿ. ಕೊಳದ ಸುತ್ತ ಹಾಸಿದ್ದ ರಾಜಸ್ಥಾನದ ಕಲ್ಲಿಗೆ ಕೆಲವು ಲಕ್ಷ.

ಇದು ಮಾರೇನಹಳ್ಳಿಯ ಜಾಯಮಾನ ಮಾತ್ರ ಎಂದು ಜಯನಗರದವರು ನಗಬೇಕಾಗಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಕೊಳ ರಾತ್ರೋರಾತ್ರಿ ಹಸಿರಾದದ್ದನ್ನು ಲೋಕವೇ ಟಿ.ವಿ.ಯಲ್ಲಿ ನೋಡಿತು. ಉದ್ಘಾಟನೆಯ ದಿನ ಯಾರೋ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದರು. ಅದೂ ಕ್ರಿಮಿನಾಶಕವೇ, ಆದರೆ ಕ್ಲೋರಿನ್ ಜೊತೆ ಸೇರಿದರೆ ಕ್ಲೋರಿನ್ನಿನ ಕೆಲಸವನ್ನೇ ಕೆಡಿಸುತ್ತದೆ. ಔಷಧಕ್ಕೆ ಔಷಧ ಬಡಿದಾಡಿ ಪಾಚಿ ಗೆದ್ದಿತು. ಇನ್ನೊಂದು ಕೊಳದ ನೀರನ್ನಂತೂ ಶುದ್ಧಿ ಮಾಡಿ ಮುಗಿಯುವುದಿಲ್ಲ ಎಂದು ಲಕ್ಷಾಂತರ ಲೀಟರ್ ಖಾಲಿ ಮಾಡಿ ಹೊಸದಾಗಿ ತುಂಬಿಸಿದರು. ಬ್ರೆಜಿಲ್ಲಿನಲ್ಲೂ ನಿವೃತ್ತ ಹೆಡ್‌ಮಾಸ್ತರುಗಳಿದ್ದಾರೆ ಎಂದಾಯಿತು.

ಕೊನೆಗೆ ಕನಕಪುರ ರಸ್ತೆಯ ಅಪಾರ್ಟ್‌ಮೆಂಟೊಂದರ ಪೂಲ್ ನೋಡಿಕೊಳ್ಳುವ ಹುಡುಗನನ್ನು ಕರೆಸಿದರು. ಅವನು ಜೇಬಿನಿಂದ ತೆಗೆದದ್ದು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಅಕ್ಕಪಕ್ಕ ಎರಡು ಕೊಳವೆ. ಮೊಣಕೈ ಮುಳುಗುವಷ್ಟು ಆಳದಿಂದ ನೀರು ಹಿಡಿದು, ಒಂದಕ್ಕೆ ಐದು ಹನಿ, ಇನ್ನೊಂದಕ್ಕೆ ಐದು ಹನಿ ಬಿಟ್ಟು, ಮುಚ್ಚಿ ಅಲುಗಾಡಿಸಿ, ಬಿಸಿಲಿಗೆ ಬೆನ್ನು ಮಾಡಿ ಹಿಡಿದ. ಎಡಗಡೆಯದು ಹಳದಿಯಾಗಿ, ಹಳದಿ ದಾಟಿ ಕಿತ್ತಳೆಗೆ ತಿರುಗಿತು: ಕ್ಲೋರಿನ್. ಬಲಗಡೆಯದು ಕುಂಕುಮ ಕಲಸಿದಂತಾಯಿತು: ಪಿಎಚ್.

"ಕ್ಲೋರಿನ್ ಬೇಕಾದಷ್ಟಿದೆ ಸಾರ್. ಕೆಲಸ ಮಾಡ್ತಿಲ್ಲ ಅಷ್ಟೆ."

ಯಜಮಾನರಿಗೆ ಇದು ತಕ್ಷಣ ಅರ್ಥವಾಯಿತು. ಮೂವತ್ತು ವರ್ಷ ಸರ್ಕಾರಿ ನೌಕರಿಯಲ್ಲಿದ್ದವರು.

ಕಾರಣ ಸರಳ. ನೀರಿನ ಪಿಎಚ್ 7.2ರಿಂದ 7.6ರ ಒಳಗಿದ್ದರೆ ಕ್ಲೋರಿನ್ ಚುರುಕು. 8 ದಾಟಿದರೆ ಹಾಜರಿ ಹಾಕಿ ಕೂರುತ್ತದೆ. ಬ್ಲೀಚಿಂಗ್ ಪೌಡರ್ ಪಿಎಚ್ಚನ್ನೂ ಏರಿಸುತ್ತದೆ, ಸುಣ್ಣದ ಅಂಶವನ್ನೂ ಸೇರಿಸುತ್ತದೆ. ನಮ್ಮ ಬೋರ್ ನೀರು ಮೊದಲೇ ಗಡಸು, ಗೀಸರಿನ ಕಾಯಿಲ್ ಬಿಚ್ಚಿದವರಿಗೆ ಗೊತ್ತು. ಸುಣ್ಣಕ್ಕೆ ಸುಣ್ಣ ಸೇರಿ ನೀರು ಮಜ್ಜಿಗೆಯಾಯಿತು. ಅದರ ಮೇಲೆ ಯಜಮಾನರು ತಿಂಗಳುಗಟ್ಟಲೆ ತೇಲಿಬಿಟ್ಟಿದ್ದ ಬಿಳಿ ಮಾತ್ರೆಗಳಲ್ಲಿ ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಕಾಪಾಡುವ ಸಯನ್ಯೂರಿಕ್ ಆಸಿಡ್ ಇರುತ್ತದೆ. 30ರಿಂದ 50 ಪಿಪಿಎಂ ಇದ್ದರೆ ಅದು ಕೊಡೆ. ನೂರು ದಾಟಿದರೆ ಸಂಕೋಲೆ. ಕ್ಲೋರಿನ್ ಬಿಸಿಲಿಗೆ ಒಡೆದುಹೋಗುತ್ತದೆ, ಇದು ಹೋಗುವುದಿಲ್ಲ. ಇದನ್ನು ಇಳಿಸಲು ಇರುವ ನೆಚ್ಚಬಹುದಾದ ದಾರಿ ಒಂದೇ: ಹಳೆಯ ನೀರು ಚೆಲ್ಲಿ ಹೊಸ ನೀರು ತುಂಬುವುದು.

ಹುಡುಗ ಇನ್ನೊಂದು ಹೇಳಿದ. ಮೂಗಿಗೆ ಹೊಡೆಯುವ ಆ 'ಸ್ವಿಮ್ಮಿಂಗ್ ಪೂಲ್ ವಾಸನೆ' ಕ್ಲೋರಿನ್ ಹೆಚ್ಚಾಗಿದ್ದಕ್ಕೆ ಬರುವುದಲ್ಲ. ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಸೇರಿ ಸವೆದುಹೋದಾಗ ಬರುವುದು. ಯಜಮಾನರು ಮೊಮ್ಮಕ್ಕಳ ಕಡೆ ನೋಡಿದರು. ಮೊಮ್ಮಕ್ಕಳು ಅಳಿಯನ ಕಡೆ ನೋಡಿದರು.

"ಅರ್ಧ ನೀರು ಚೆಲ್ಬೇಕು ಸಾರ್" ಎಂದು ಅವನು ಹೇಳಿದ್ದು 2024ರ ಮಾರ್ಚಿನಲ್ಲಿ. ಆ ಮಾರ್ಚನ್ನು ಬೆಂಗಳೂರು ಮರೆತಿಲ್ಲ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ತಮ್ಮ ಮನೆಯ ಬೋರ್‌ವೆಲ್ ಬತ್ತಿದೆ ಎಂದಿದ್ದ ಕಾಲ. ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತ್ತು: ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಕಾರು ತೊಳೆಯುವುದಕ್ಕೆ, ಕೈತೋಟಕ್ಕೆ ಕುಡಿಯುವ ನೀರು ಬಳಸಬಾರದೆಂದು ಜಲಮಂಡಳಿ ಆದೇಶ ಹೊರಡಿಸಿ, ಬೆನ್ನಿಗೇ ಈಜುಕೊಳವನ್ನೂ ಪಟ್ಟಿಗೆ ಸೇರಿಸಿತು. ದಂಡ 5,000 ರೂಪಾಯಿ, ಮತ್ತೂ ಮುಂದುವರಿಸಿದರೆ ದಿನಕ್ಕೆ 500. ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿಸಿಕೊಂಡು ಏದುಸಿರು ಬಿಡುತ್ತಾ ಬರುವ ಕಾವೇರಿಯನ್ನು ಇನ್ನೂ ಮೂರು ಮಹಡಿ ಹತ್ತಿಸಿ ಪಾಚಿ ಬೆಳೆಸುವವರಿಗೆ 5,000 ರೂಪಾಯಿ. ಯಜಮಾನರ ಲೆಕ್ಕದಲ್ಲಿ ಅದು ದಂಡವಲ್ಲ, ಮೆಂಬರ್‌ಶಿಪ್ ಫೀಸು.

ಆದರೂ ಆಕಾಂಕ್ಷಿಯಾದವರು ಕಾನೂನು ಮೀರಬಾರದು. ಟ್ಯಾಂಕರಿನವನನ್ನೇ ಕೇಳಿದರು, "ಇದು ಕುಡಿಯೋ ನೀರೇನಪ್ಪಾ?"

"ಕುಡಿಯೋ ನೀರಲ್ಲ ಸಾರ್, ಗ್ಯಾರಂಟಿ."

ಅದೇ ಟ್ಯಾಂಕರಿನಿಂದ ಆ ತಿಂಗಳೆಲ್ಲ ನಾವು ಕುಡಿದಿದ್ದೆವು.

ರಾತ್ರಿ ಹನ್ನೊಂದಕ್ಕೆ ಕೊಳದ ಅರ್ಧ ನೀರನ್ನು ಮೋರಿಗೆ ಬಿಟ್ಟರು. 8,500 ಲೀಟರ್ ಹಸಿರು ನೀರು ಬೀದಿಯುದ್ದಕ್ಕೂ ಹರಿಯಿತು. ಸೊಳ್ಳೆ ನಿಯಂತ್ರಣಕ್ಕೆ ನೇಮಕವಾಗಿದ್ದ ಗಪ್ಪಿಗಳು ಆಗಲೇ ಸೇವೆಯಿಂದ ನಿವೃತ್ತವಾಗಿ, ಅದರಲ್ಲಿ ಮಗುಚಿಕೊಂಡು ತೇಲುತ್ತಿದ್ದವು. ಟ್ಯಾಂಕರಿಗೆ ಕಾದು ಕೊಡ ಹಿಡಿದು ನಿಂತಿದ್ದ ಹೆಂಗಸರು ಕಾಲೆತ್ತಿ ದಾರಿ ಬಿಟ್ಟರು. ಮೋರಿ ದೊಡ್ಡ ಕಾಲುವೆಗೆ, ಕಾಲುವೆ ವೃಷಭಾವತಿಗೆ, ವೃಷಭಾವತಿ ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲಕ್ಕೆ. ಅಲ್ಲಿನ ರೈತರಿಗೆ ನಗರ ಕಳಿಸುವ ಕಾಣಿಕೆಯಲ್ಲಿ ಮೈಲುತುತ್ತದ ಪಾಲನ್ನು ಈ ಸಲ ಮಾರೇನಹಳ್ಳಿ ವಹಿಸಿಕೊಂಡಿತು.

ಈ ಊರಿನಲ್ಲಿ ನೀರನ್ನು ಹಸಿರು ಮಾಡುವ ವಿದ್ಯೆಗೆ ಯಜಮಾನರು ಹೊಸಬರು. ಧರ್ಮಾಂಬುಧಿಯನ್ನು ಬಸ್ ನಿಲ್ದಾಣ, ಸಂಪಂಗಿಯನ್ನು ಕ್ರೀಡಾಂಗಣ ಮಾಡಿ, ಉಳಿದ ಕೆರೆಗಳಿಗೆ ಕೊಳಚೆ ಉಣಿಸಿ, ನಡುವೆ ಕಾರಂಜಿ ಚಿಮ್ಮಿಸಿ, ಸುತ್ತ ವಾಕಿಂಗ್ ಟ್ರ್ಯಾಕ್ ಹಾಕಿ 'ಅಭಿವೃದ್ಧಿ' ಎಂದು ಬೋರ್ಡು ನೆಟ್ಟವರು ನಾವು. ಬೆಳ್ಳಂದೂರು ಕೆರೆಗೆ 2015ರಲ್ಲೂ 2017ರಲ್ಲೂ ಬೆಂಕಿಯೇ ಬಿತ್ತು. ನೀರಿಗೆ ಬೆಂಕಿ ಹತ್ತಿದರೆ ಯಾವುದರಿಂದ ಆರಿಸಬೇಕೆಂಬುದು ಪಠ್ಯದಲ್ಲಿಲ್ಲ. 2018ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ದಂಡ ಹಾಕಿತು. ಕೆರೆಯ ಒಳಹರಿವಿನಲ್ಲಿ ಕೊಳಚೆ ತಡೆಯದೆ ಮೇಲಿನಿಂದ ಏನು ಸುರಿದರೂ, ಪಂಪು ಹಾಕದೆ ಬ್ಲೀಚಿಂಗ್ ಸುರಿದ ಯಜಮಾನರಿಗಿಂತ ನಾವು ಬುದ್ಧಿವಂತರೇನಲ್ಲ. ಅವರಿಗಾದರೂ ಸ್ವಂತ ದುಡ್ಡು.

ಹುಡುಗ ಮಾತ್ರ ಗಡಿಬಿಡಿ ಮಾಡಲಿಲ್ಲ. ಆಸಿಡ್ಡನ್ನು ಬಕೆಟ್ ನೀರಿಗೆ ಹಾಕಿ ತೆಳು ಮಾಡಿ, ಸ್ವಲ್ಪ ಸ್ವಲ್ಪವೇ ಬಿಟ್ಟು ಪಿಎಚ್ ಇಳಿಸಿದ. ಅದೇ ಬಕೆಟ್ಟಿಗೆ ಬ್ಲೀಚಿಂಗ್ ಹಾಕಿದರೆ ವಿಷಾನಿಲ ಏಳುತ್ತದೆ ಎಂದು ಹೆಡ್‌ಮಾಸ್ತರನ್ನು ದೂರ ನಿಲ್ಲಿಸಿದ. ಗೋಡೆಯನ್ನು ಬ್ರಷ್ಷಿನಿಂದ ಉಜ್ಜಿದ, ಏಕೆಂದರೆ ಅಂಟಿಕೊಂಡ ಪಾಚಿಗೆ ಔಷಧ ತಾಗುವುದಿಲ್ಲ. ಹೊತ್ತು ಮುಳುಗಿದ ಮೇಲೆ ದ್ರವ ಕ್ಲೋರಿನ್ ಹಾಕಿ ರಾತ್ರಿಯಿಡೀ ಪಂಪು ಓಡಿಸಿದ. ಬೆಳಿಗ್ಗೆ ಹಸಿರು ಹೋಗಿ ನೀರು ಹಾಲಿನಂತಾಗಿತ್ತು. ಯಜಮಾನರು ಎದೆ ಒಡೆದುಕೊಂಡರು. "ಸತ್ತ ಪಾಚಿ ಸಾರ್, ಫಿಲ್ಟರ್ ಹಿಡಿಯೋವರೆಗೂ ಕಾಯ್ಬೇಕು" ಎಂದ. ಮರಳಿನ ಫಿಲ್ಟರಿನ ಒತ್ತಡದ ಮುಳ್ಳು ಏರಿದಾಗಲೆಲ್ಲ ತಿರುಗಾಮುರುಗ ನೀರು ಹರಿಸಿ ತೊಳೆದ. ಮಿಕ್ಕಿದ್ದಕ್ಕೆ ಗ್ರಂದಿಗೆ ಅಂಗಡಿಯ ಪಟಕವನ್ನೇ, ಈ ಬಾರಿ ತೂಗಿ ಹಾಕಿ, ತಳಕ್ಕಿಳಿದ ರಾಡಿಯನ್ನು ಕದಡದಂತೆ ಹೀರಿ ತೆಗೆದ. ಕಾಯುವುದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲವಾದ್ದರಿಂದ ಬೀದಿಯ ತಜ್ಞರಿಗೆ ಈ ಚಿಕಿತ್ಸೆ ಹಿಡಿಸಲಿಲ್ಲ.

ನೀರು ತಿಳಿಯಾಯಿತು. ಟೈಲ್ಸ್ ಮತ್ತೆ ಕಂಡವು, ಜೊತೆಗೆ ಗಣಪತಿಯ ಕೈಯಲ್ಲಿದ್ದ ಒಂದು ಮೋದಕವೂ. ಆದರೆ ಅಷ್ಟರಲ್ಲಿ ಬೀದಿಯ ನಲ್ಲಿಗಳೆಲ್ಲ ಗಾಳಿ ಕಾರುತ್ತಿದ್ದವು. ಯಜಮಾನರ ಮನೆಯಾಕೆ ಒಂದು ಬೆಳಿಗ್ಗೆ ಏನೂ ಮಾತಾಡದೆ ಬಕೆಟ್ಟಿಗೆ ಹಗ್ಗ ಕಟ್ಟಿ ಕೊಳಕ್ಕೆ ಇಳಿಬಿಟ್ಟರು. ಬಟ್ಟೆ, ಪಾತ್ರೆ, ಕಕ್ಕಸು, ಎಲ್ಲದಕ್ಕೂ ಅದೇ ನೀರು. ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಬಾರದೆಂದು ಆದೇಶವಿತ್ತು. ಈಜುಕೊಳದ ನೀರನ್ನು ಮನೆಗೆ ಬಳಸಬಾರದೆಂದು ಜಲಮಂಡಳಿಗೂ ಹೊಳೆದಿರಲಿಲ್ಲ.

ಮೇ ತಿಂಗಳಲ್ಲಿ ಕೊಳದ ಮೇಲೆ ಕಲ್ಲು ಚಪ್ಪಡಿ ಎಳೆಸಿದರು. ಬಿಸಿಲಿಲ್ಲ, ಪಾರಿವಾಳವಿಲ್ಲ, ಪಾಚಿಯೂ ಇಲ್ಲ. ಈಗ ಗೇಟಿಗೆ ಬೋರ್ಡು ನೇತುಹಾಕಿದ್ದಾರೆ: "ಮನೆ ಬಾಡಿಗೆಗಿದೆ. 2 ಬಿಎಚ್‌ಕೆ. ಕಾವೇರಿ, ಬೋರ್‌ವೆಲ್ ಹಾಗೂ 17,000 ಲೀಟರ್ ಸ್ವಿಮ್ಮಿಂಗ್ ಪೂಲ್ ನೀರಿನ ಸೌಲಭ್ಯ. ಸಸ್ಯಾಹಾರಿಗಳಿಗೆ ಆದ್ಯತೆ." ಬಾಡಿಗೆ ಮೊದಲಿಗಿಂತ ನಾಲ್ಕು ಸಾವಿರ ಜಾಸ್ತಿ. ನೋಡಲು ಬಂದವರೆಲ್ಲ ಒಪ್ಪಿಕೊಂಡು ಹೋಗುತ್ತಿದ್ದಾರೆ, ಸೀಲಿಂಗ್ ನೋಡುವವರೆಗೆ.