ಓಕೆ ಮಾವ

ಕಡೂರಿನಲ್ಲಿ ಒಬ್ಬರಿದ್ದಾರೆ, ತರೀಕೆರೆಯಲ್ಲಿ ಒಬ್ಬರಿದ್ದಾರೆ, ಅಜ್ಜಂಪುರದಲ್ಲಿ ಇಲ್ಲ ಎಂದರೆ ಆ ಊರಿನವರು ಬೇಸರ ಮಾಡಿಕೊಂಡಾರು. ಅಜ್ಜಂಪುರ ತರೀಕೆರೆಯಿಂದ ಬಿಡಿಸಿಕೊಂಡು ಬೇರೆ ತಾಲ್ಲೂಕಾದಾಗ ಯಾವ ಕಡತ ಯಾರಿಗೆ ಎಂಬ ಚರ್ಚೆ ಆಗಿರಬಹುದು. ಓಕೆ ಮಾವಂದಿರ ವಿಷಯದಲ್ಲಿ ಆ ತೊಂದರೆ ಬರಲಿಲ್ಲ. ಎರಡು ಕಡೆಗೂ ಸಾಕಾಗಿ ಮಿಗುವಷ್ಟು ಇದ್ದರು.

ಓಕೆ ಮಾವ ಅಂದರೆ ಬೇಡ ಎನ್ನಲು ಬಾರದ ಮನುಷ್ಯ. ಮದುವೆ ಮನೆಯಲ್ಲಿ ಹೋಳಿಗೆಯವನು ಎರಡನೇ ಸುತ್ತು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ, ಆದರೆ ಹೋಳಿಗೆ ತೂರುವಷ್ಟು ಸಂದು ಬಿಟ್ಟೇ ಹಿಡಿಯುತ್ತಾರೆ. ವಿಮೆಯವನು ಬಂದರೆ ಪಾಲಿಸಿ, ಸಂಘದವರು ಬಂದರೆ ರಸೀದಿ, ಪತ್ರಿಕೆಯ ಹುಡುಗ ಬಂದರೆ ವರ್ಷದ ಚಂದಾ. ಸೊಸೈಟಿ ಚುನಾವಣೆಯಲ್ಲಿ ಎದುರೆದುರು ನಿಂತ ಇಬ್ಬರಿಗೂ ‘ನಿಮಗೇ ಸ್ವಾಮಿ ನನ್ನ ಓಟು’ ಎಂದು ಮಾತು ಕೊಟ್ಟು, ಮತದಾನದ ದಿನ ಧರ್ಮಸ್ಥಳಕ್ಕೆ ಹೋಗಿಬಿಡುವವರು ಇವರೇ. ಇಂಥವರ ಮುಂದೆ ಒಂದು ಕಂಪ್ಯೂಟರ್ ಇಟ್ಟು ಅದರ ಪರದೆಯ ಮೇಲೆ ‘ಓಕೆ’ ಎಂಬ ಗುಂಡಿ ಮೂಡಿಸಿದರೆ ಏನಾಗುತ್ತದೆ ಎಂಬುದೇ ಈ ಕಥೆ.

ಕಂಪ್ಯೂಟರ್ ಬರುವ ದಾರಿ ಎಲ್ಲ ಮನೆಗೂ ಒಂದೇ. ಬೆಂಗಳೂರಿನ ಮಗ ಹೊಸ ಲ್ಯಾಪ್‌ಟಾಪ್ ಕೊಳ್ಳುತ್ತಾನೆ, ಹಳೆಯ ಡೆಸ್ಕ್‌ಟಾಪ್ ಊರಿಗೆ ಬರುತ್ತದೆ. ಕಡೂರಿನ ಮಾವನದು ಶಿವಮೊಗ್ಗದ ರೈಲಿನಲ್ಲಿ ಬಂತು. ಮಾನಿಟರು ಮಗನ ತೊಡೆಯ ಮೇಲೆ, ಸಿಪಿಯು ಸೀಟಿನ ಕೆಳಗೆ. ಈಗ ಅದು ನಡುಮನೆಯ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದೆ. ಸಿಪಿಯು ಹಣೆಯ ಮೇಲೆ ಹೋದ ಆಯುಧಪೂಜೆಯ ಕುಂಕುಮ ಇನ್ನೂ ಇದೆ. ಅದರಲ್ಲಿ ಆಗುವ ಕೆಲಸ ಇಷ್ಟು: ಸಂಘದ ಪತ್ರಗಳು, ಪಹಣಿ ನೋಡುವುದು, ಮೊಮ್ಮಗಳ ಫೋಟೋ ದೊಡ್ಡದು ಮಾಡಿ ನೋಡುವುದು.

ಈ ಮಾವ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕಡೂರು ಸೀಮೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಅರ್ಧ ಜನಕ್ಕೆ ಆ್ಯಕ್ಟಿವ್ ವಾಯ್ಸು, ಪ್ಯಾಸಿವ್ ವಾಯ್ಸು ಕಲಿಸಿದವರು. ಮೊಮ್ಮಗಳ ನಾಮಕರಣಕ್ಕೆ ಕನ್ನಡದಲ್ಲಿ ಕರೆಯೋಲೆ ಬರೆಯಬೇಕಾಗಿ ಬಂದು, ನುಡಿ ತಂತ್ರಾಂಶ ಹುಡುಕಲು ಹೊರಟರು. ನುಡಿ ಕನ್ನಡ ಗಣಕ ಪರಿಷತ್ತಿನದು, ಕಾಸಿಲ್ಲದೆ ಸಿಗುವಂಥದ್ದು. ಆದರೆ ಹುಡುಕಾಟದಲ್ಲಿ ಮೊದಲು ಎದುರಾಗುವುದು ಪರಿಷತ್ತಲ್ಲ, ಯಾವುದೋ ಊರಿಲ್ಲದ ಪುಟ. ಅಲ್ಲಿ ‘ಡೌನ್‌ಲೋಡ್’ ಎಂಬ ಗುಂಡಿಗಳು ಸಾಲಾಗಿ ನಿಂತಿರುತ್ತವೆ. ನಿಜವಾದದ್ದು ಕೆಳಗೆ ಮೂಲೆಯಲ್ಲಿ, ಕನ್ನಡಕ ಒರೆಸಿಕೊಂಡು ನೋಡಬೇಕಾದ ಅಕ್ಷರದಲ್ಲಿ. ಹಸಿರು ಬಣ್ಣದ, ಅಂಗೈಯಗಲದ ಗುಂಡಿ ಜಾಹೀರಾತಿನದು. ಮಾವ ದೊಡ್ಡದನ್ನೇ ಒತ್ತಿದರು. ದೊಡ್ಡವರಿಗೆ ಮೊದಲ ಮರ್ಯಾದೆ.

ಮುಂದೆ ಪರದೆ ಕೇಳಿತು: ‘ಎಕ್ಸ್‌ಪ್ರೆಸ್’ ಬೇಕೋ, ‘ಕಸ್ಟಮ್’ ಬೇಕೋ? ಎಕ್ಸ್‌ಪ್ರೆಸ್ ಪಕ್ಕದಲ್ಲಿ ‘ರೆಕಮೆಂಡೆಡ್’ ಎಂದು ಬೇರೆ ಬರೆದಿತ್ತು. ರೈಲಿನ ಜಂಜಾಟ ಕಂಡ ಕಡೂರಿನವರು ಎಕ್ಸ್‌ಪ್ರೆಸ್ ಬಿಟ್ಟು ಇನ್ನೊಂದು ಹತ್ತುತ್ತಾರೆಯೇ? ಅದೂ ಯಾರೋ ತಿಳಿದವರು ಶಿಫಾರಸು ಮಾಡಿರುವಾಗ? ಎಕ್ಸ್‌ಪ್ರೆಸ್ ಹತ್ತಿದವರಿಗೆ ಮೊದಲೇ ಟಿಕ್ ಹಾಕಿಟ್ಟ ಸಾಮಾನುಗಳೆಲ್ಲ ಕಣ್ಣಿಗೆ ಬೀಳದಂತೆ ಒಳಗೆ ಬರುತ್ತವೆ. ಕಸ್ಟಮ್ ಒತ್ತಿದ್ದರೆ ಆ ಟಿಕ್‌ಗಳು ಕಾಣುತ್ತಿದ್ದವು, ತೆಗೆಯಬಹುದಿತ್ತು. ನುಡಿ ಬಂತು. ಅದರ ಬೆನ್ನಿಗೆ ಹವಾಮಾನ ಹೇಳುವುದೊಂದು, ಬ್ರೌಸರ್ ತಲೆಗೆ ಅಂಟಿಕೊಂಡ ಟೂಲ್‌ಬಾರ್ ಒಂದು, ಎಲ್ಲರ ಹಿಂದೆ ಗಂಭೀರವಾಗಿ, ಗಣಕದ ಕಸ ಗುಡಿಸುತ್ತೇನೆನ್ನುವ ಕ್ಲೀನರ್ ಒಂದು. ಗಣಕದ ಕಾವಲಿಗಿದ್ದ ಡಿಫೆಂಡರ್ ‘ಇದು ಬೇಡದ ಸಾಮಾನು, ಬಿಡಲೇ?’ ಎಂದು ಕೇಳಿತಂತೆ. ಅದಕ್ಕೂ ಓಕೆ.

ಕ್ಲೀನರ್ ಬಂದವನೇ ಮನೆ ಶೋಧಿಸಿ ಕೆಂಪಕ್ಷರದಲ್ಲಿ ಸಾವಿರಾರು ದೋಷಗಳ ಪಟ್ಟಿ ಕೊಟ್ಟ. ಆ ಇಂಗ್ಲಿಷಿನಲ್ಲೇ ಒಂದು ದೋಷವಿತ್ತು: ‘ಯುವರ್ ಕಂಪ್ಯೂಟರ್ ಆರ್ ಇನ್ ಡೇಂಜರ್’. ನಮ್ಮ ಮೇಷ್ಟ್ರ ಕಣ್ಣಿಗೆ ಬೀಳದೆ ಇದ್ದೀತೇ? ಬಿತ್ತು. ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಎಚ್ಚರವಾಗುತ್ತಿದ್ದರು. ಮಾವ ಮಾತ್ರ “ಪಾಪ, ಗಾಬರಿಯಲ್ಲಿ ಬರೆದಿದಾನೆ ಕಣೋ. ಕರ್ತೃ-ಕ್ರಿಯಾಪದ ಹೊಂದಿಲ್ಲ, ಆದ್ರೆ ಭಾವ ಸರಿಯಾಗಿದೆ” ಎಂದು ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡಿದರು.

ಆ ಸಾವಿರಾರು ದೋಷಗಳೆಂದರೆ ಏನು? ಬ್ರೌಸರ್ ಬಿಟ್ಟುಹೋದ ಕುಕಿಗಳು, ಟೆಂಪ್ ಕಡತಗಳು, ಎಂದೋ ತೆಗೆದುಹಾಕಿದ ತಂತ್ರಾಂಶಗಳ ರಿಜಿಸ್ಟ್ರಿ ನಮೂದುಗಳು. ಒಂದೊಂದು ಕುಕಿಯೂ ಒಂದೊಂದು ‘ಅಪಾಯ’. ಗಣಕ ಓಡಿದರೆ ಇವು ಹುಟ್ಟಿಯೇ ಹುಟ್ಟುತ್ತವೆ. ಇವುಗಳಿಂದ ಯಾವ ಗಣಕವೂ ಸತ್ತಿಲ್ಲ. ರಿಜಿಸ್ಟ್ರಿ ತೊಳೆಯುವ ತಂತ್ರಾಂಶ ಬಳಸಬೇಡಿ ಎಂದು ವಿಂಡೋಸ್ ಮಾಡಿದ ಮೈಕ್ರೋಸಾಫ್ಟ್ ಕಂಪನಿಯೇ ಹೇಳುತ್ತದೆ. ಆದರೆ ಮಾವನಂಥ ಶುಚಿಯ ಮನುಷ್ಯನಿಗೆ, ದಿನವೂ ತಲೆಬಾಗಿಲು ತೊಳೆದು ರಂಗೋಲಿ ಬೀಳುವ ಮನೆಯ ಯಜಮಾನನಿಗೆ, ‘ನಿಮ್ಮಲ್ಲಿ ಇಷ್ಟು ಕಸವಿದೆ’ ಎಂದು ಹೊರಗಿನವನು ಬಂದು ಹೇಳಿದರೆ ಹೇಗಾಗಬೇಡ? ಮೋಸಗಾರರು ಹಿಡಿಯುವುದು ಇಂಥವರ ಅಜ್ಞಾನವನ್ನಲ್ಲ, ಮಾನವನ್ನು. ಅಜ್ಞಾನವಾಗಿದ್ದರೆ ತಿಳಿಹೇಳಿ ಸರಿಮಾಡಬಹುದಿತ್ತು.

ಈಗ ಉಳಿದಿಬ್ಬರನ್ನು ನೋಡೋಣ. ಕಡೂರು ದಾಟಿದರೆ ಬೀರೂರು. ಅಲ್ಲಿ ಹಳಿ ಕವಲಾಗಿ ಒಂದು ತರೀಕೆರೆ ಕಡೆಗೆ, ಇನ್ನೊಂದು ಅಜ್ಜಂಪುರದ ಕಡೆಗೆ ಹೋಗುತ್ತದೆ. ಹಾಗಾಗಿ ಬೀರೂರಿನಲ್ಲಿ ಯಾರದೇ ಮದುವೆಯಾದರೂ ಮೂವರು ಮಾವಂದಿರೂ ಹಾಜರು. ಮೊದಲೆಲ್ಲ ಊಟವಾದ ಮೇಲೆ ಕುರ್ಚಿ ಎಳೆದುಕೊಂಡು ಸಕ್ಕರೆ, ಬಿ.ಪಿ. ಲೆಕ್ಕ ಹೇಳಿಕೊಳ್ಳುತ್ತಿದ್ದರು. ಈಗ ಎರರ್ ಲೆಕ್ಕ.

“ನಂದು ನಿನ್ನೆ ಎರಡು ಸಾವಿರದ ಮುನ್ನೂರು ತೋರಿಸ್ತು.”

“ಅಷ್ಟೇನಾ? ನಂದು ನಾಲ್ಕು ಸಾವಿರ ದಾಟಿದೆ. ಫುಲ್ ವರ್ಷನ್ ಹಾಕ್ಸಿದೀನಲ್ಲ, ಅದು ಚೆನ್ನಾಗಿ ಹುಡುಕತ್ತೆ.”

ಈ ನಾಲ್ಕು ಸಾವಿರದವರು ತರೀಕೆರೆಯವರು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವರು. ರಾಶಿ ಇಡಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಮೇಲೆತ್ತಿದರೆ ಎಷ್ಟು ಹಸಿ, ಎಷ್ಟು ಬೆರಕೆ ಎಂದು ಹೇಳಬಲ್ಲವರು. ಅಡಿಕೆಯಲ್ಲಿ ಅವರಿಗೆ ಯಾರೂ ಮೋಸ ಮಾಡಿಲ್ಲ. ಕ್ಲೀನರ್‌ಗೆ ಮಾತ್ರ ಮನೆದೇವರ ಹರಕೆಯೇನೋ ಎಂಬಷ್ಟು ನಿಯಮದಿಂದ ವರ್ಷಾವರ್ಷ ಕಾರ್ಡಿನಲ್ಲಿ ಹಣ ಸಲ್ಲುತ್ತದೆ. ನಿಲ್ಲಿಸುವುದು ಹೇಗೆಂದು ಅವರಿಗೆ ತಿಳಿಯದು. ನಿಲ್ಲಿಸಿದರೆ ಏನಾದೀತೋ ಎಂಬ ಅಳುಕು ಬೇರೆ.

ಅಜ್ಜಂಪುರದ ಮಾವನಿಗೆ ದನಕರು ಎಂದರೆ ಪ್ರಾಣ. ಊರಲ್ಲೇ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದ್ದು, ಆ ರಾಸುಗಳ ಬಿಗುಮಾನ ನೋಡಿ ಬೆಳೆದವರು. ಕಾಲುಬಾಯಿ ಜ್ವರದ ಸುದ್ದಿ ಬಂದರೆ ನೆಂಟರ ಎತ್ತಿಗೂ ಕೊಟ್ಟಿಗೆಯಲ್ಲಿ ಜಾಗ ಕೊಡುವುದಿಲ್ಲ. ಅಂಥವರ ಗಣಕದಲ್ಲಿ ಮೂರು ಕ್ಲೀನರ್‌ಗಳಿವೆ. ಮೊದಲನೆಯದರ ಮೇಲೆ ಅನುಮಾನ ಬಂದು ಎರಡನೆಯದು ತಂದರು. ಅದು ಮೊದಲನೆಯದನ್ನೇ ವೈರಸ್ ಎಂದಿತು. ಜಗಳ ಬಿಡಿಸಲು ಮೂರನೆಯದು. ಅದು ಇಬ್ಬರನ್ನೂ ಬೈಯುತ್ತದೆ. ಬೆಳಿಗ್ಗೆ ಸ್ವಿಚ್ ಹಾಕಿ ಶಿವನಿಗೆ ಹೋಗಿ ಬರುವಷ್ಟರಲ್ಲಿ ಪರದೆ ಬೆಳಗಿರುತ್ತದೆ ಎಂದು ಅವರೇ ಹೆಮ್ಮೆಯಿಂದ ಹೇಳುತ್ತಾರೆ. ಶಿವನಿ ಪಕ್ಕದ ರೈಲು ನಿಲ್ದಾಣ.

ಕಡೂರಿನ ಮಾವನ ಹಣ ಉಳಿದದ್ದು ಜಾಣತನದಿಂದಲ್ಲ. ‘ಈಗಲೇ ಪಾವತಿಸಿ’ ಎಂಬ ಚೌಕ ಕಂಡಾಗ ಅವರು ನನಗೆ ಫೋನ್ ಮಾಡಿದರು: “ಡಿ.ಡಿ. ಯಾರ ಹೆಸರಿಗೆ ತೆಗೀಬೇಕು ಅಂತ ಎಲ್ಲೂ ಬರೆದಿಲ್ಲವಲ್ಲೋ?” ಡಿ.ಡಿ. ಸ್ವೀಕರಿಸುವ ಮೋಸಗಾರ ಇನ್ನೂ ಹುಟ್ಟಿಲ್ಲ. ಆ ಬ್ಯಾಂಕ್ ಚಲನ್ನಿನ ಕಾಲದ ಅಭ್ಯಾಸವೇ ಅವರನ್ನು ಕಾಪಾಡಿತು.

ನಾನು ಹೋದೆ. ಹೋದವನು ತಕ್ಷಣ ತೆಗೆದುಹಾಕಬಹುದಿತ್ತು, ಆದರೆ ಮೇಷ್ಟ್ರಿಗೆ ಪುರಾವೆ ಬೇಕು. ಅಮೆರಿಕದ ಕಥೆ ಹೇಳಿದೆ. ಅಲ್ಲಿ ಆಫೀಸ್ ಡಿಪೋ ಎಂಬ ಊರೂರಿಗೂ ಅಂಗಡಿಯಿರುವ ಕಂಪನಿ ‘ನಿಮ್ಮ ಗಣಕದ ಆರೋಗ್ಯ ಪುಕ್ಕಟೆ ನೋಡುತ್ತೇವೆ’ ಎನ್ನುತ್ತಿತ್ತು. ತಪಾಸಣೆಗೆ ಮುಂಚೆ ನಾಲ್ಕು ಪ್ರಶ್ನೆ: ನಿಧಾನವಾಗಿದೆಯೇ, ಆಗಾಗ ನಿಂತುಹೋಗುತ್ತದೆಯೇ, ಇಂಥವು. ಒಂದಕ್ಕೆ ಹೌದೆಂದರೂ ಸಾಕು, ಒಳಗೆ ಏನಿದ್ದರೂ ಇಲ್ಲದಿದ್ದರೂ ‘ರೋಗದ ಲಕ್ಷಣ ಕಂಡಿದೆ’ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. 2019ರಲ್ಲಿ ಆ ಕಂಪನಿಯೂ ತಂತ್ರಾಂಶ ಒದಗಿಸಿದ ಸಪೋರ್ಟ್.ಕಾಮ್ ಕಂಪನಿಯೂ ಸೇರಿ 3.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು.

ಮಾವ ಕನ್ನಡಕ ತೆಗೆದರು. “ಅಂದ್ರೆ, ಪರೀಕ್ಷೆಗೆ ಮುಂಚೇನೇ ರಿಸಲ್ಟ್ ಬರೆದಿಟ್ಟಿದ್ರು ಅನ್ನು.”

“ಹೂಂ ಮಾವ. ಎಲ್ಲರೂ ಫೇಲು.”

ಅದು ಅವರಿಗೆ ನಾಟಿತು. ಸೇವೆಯಲ್ಲಿದ್ದಷ್ಟು ಕಾಲ ಒಂದು ಉತ್ತರಪತ್ರಿಕೆಯನ್ನೂ ಓದದೆ ಅಂಕ ಹಾಕಿದವರಲ್ಲ. ಮುಂದುವರಿಸಿ ಸಿಬಿಐನವರ ‘ಆಪರೇಷನ್ ಚಕ್ರ-2’ರ ಮಾತು ತೆಗೆದೆ. 2023ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್, ಅಮೆಜಾನ್ ಕಂಪನಿಗಳ ದೂರಿನ ಮೇಲೆ ನಡೆದ ದಾಳಿ. ‘ನಿಮ್ಮ ಗಣಕ ಕೆಟ್ಟಿದೆ, ನಾವು ರಿಪೇರಿಯವರು’ ಎಂದು ವಿದೇಶದ ಜನರನ್ನು ಹೆದರಿಸಿ ಹಣ ಕೀಳುತ್ತಿದ್ದ ಇಲ್ಲಿನ ಕಾಲ್ ಸೆಂಟರುಗಳ ಮೇಲೆ. ಮಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡೋ ಹುಡುಗ್ರಿಗೆ ಯಾರೋ ಒಬ್ಬ ಮೇಷ್ಟ್ರು ಕಲಿಸಿರ್ತಾನಲ್ಲೋ” ಎಂದರು.

ಇಷ್ಟಾದರೂ ಕ್ಲೀನರ್ ತೆಗೆಯುವ ಹೊತ್ತಿಗೆ ಓಕೆ ಮಾವ ಮತ್ತೆ ಓಕೆ ಮಾವನೇ ಆದರು. ಇಂಟರ್ನೆಟ್ಟಿನ ತಂತಿ ಕಿತ್ತೆ. ಕಂಟ್ರೋಲ್ ಪ್ಯಾನೆಲ್ ತೆರೆದು, ಪಟ್ಟಿಯಲ್ಲಿ ಹೆಸರು ಹುಡುಕಿ ಅನ್‌ಇನ್‌ಸ್ಟಾಲ್ ಒತ್ತಿದೆ. ಕ್ಲೀನರ್ ಅತ್ತಿತು. ನಿಜಕ್ಕೂ ಕಣ್ಣೀರಿನ ಗೊಂಬೆ ಬಂತು: ‘ನಮ್ಮನ್ನು ಕಳಿಸುತ್ತಿದ್ದೀರಾ? ನಿಮ್ಮ ಗಣಕ ಅನಾಥವಾಗುತ್ತದೆ!’ ಕೆಳಗೆ ‘ರಕ್ಷಣೆ ಮುಂದುವರಿಸಿ’ ಎಂದು ದೊಡ್ಡ ಹಸಿರು ಗುಂಡಿ. ‘ತೆಗೆಯಿರಿ’ ಎಂಬುದು ಬೂದು ಬಣ್ಣದಲ್ಲಿ, ಹಾಳೆಯಲ್ಲಿ ಅಳಿಸಿಹೋದ ಪೆನ್ಸಿಲ್ ಗುರುತಿನ ಹಾಗೆ.

“ಇಷ್ಟು ಕೇಳ್ಕೊಳ್ತಿದಾನಲ್ಲೋ ಪಾಪ.”

“ಮಾವ, ಕೈ ತೆಗೀರಿ ಮೌಸ್‌ನಿಂದ.”

ಬೂದು ಗುಂಡಿ ಒತ್ತಿದೆ. ಅರ್ಧ ಬೆಲೆ ಎಂದಿತು. ಮತ್ತೆ ಒತ್ತಿದೆ. ಕಾಲು ಬೆಲೆ ಎಂದಿತು. ಸಂತೆಯಲ್ಲೂ ಇಷ್ಟು ಬೇಗ ಯಾರೂ ಇಳಿಯುವುದಿಲ್ಲ. ಕೊನೆಗೆ ‘ಬಿಡುವುದಕ್ಕೆ ಕಾರಣವೇನು?’ ಎಂದು ಒಂದು ಖಾಲಿ ಚೌಕ. ನಾನು ನೀರು ಕುಡಿದು ಬರುವಷ್ಟರಲ್ಲಿ ಮಾವ ಅದರಲ್ಲಿ ‘ರೆಸ್ಪೆಕ್ಟೆಡ್ ಸರ್’ ಎಂದು ಶುರುಮಾಡಿ, ತಮ್ಮಿಂದ ಆದ ತೊಂದರೆಗೆ ವಿಷಾದ ಸೂಚಿಸಿ, ಆ ಕರ್ತೃ-ಕ್ರಿಯಾಪದದ ತಪ್ಪನ್ನೂ ತಿದ್ದಿಕೊಟ್ಟು, ‘ಯುವರ್ಸ್ ಫೇತ್‌ಫುಲಿ’ ಹಾಕುತ್ತಿದ್ದರು.

ಈ ಸಾಮಾನು ಒಂದು ಸಲಕ್ಕೆ ಹೋಗುವುದಿಲ್ಲ. ನಮ್ಮ ಕಡೆ ನೆಂಟರು ಹೊರಡುವಾಗ ‘ಹೋಗಿ ಬರ್ತೀವಿ’ ಅನ್ನುತ್ತಾರಲ್ಲ, ಇದು ಹಾಗೆ ಹೇಳದೆಯೇ ಬರುತ್ತದೆ. ಗಣಕ ಮತ್ತೆ ಚಾಲೂ ಮಾಡಿದರೆ ಕ್ಲೀನರ್ ಮೂಲೆಯಲ್ಲಿ ಕೂತಿತ್ತು. ಟಾಸ್ಕ್ ಶೆಡ್ಯೂಲರ್‌ನಲ್ಲಿ ತನ್ನನ್ನು ತಾನೇ ಮತ್ತೆ ಕರೆಸಿಕೊಳ್ಳುವ ಏರ್ಪಾಡು ಮಾಡಿಟ್ಟಿತ್ತು, ಅದನ್ನು ಅಳಿಸಿದೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಅದರ ತಮ್ಮನೊಬ್ಬ ಇದ್ದ. ಸೇಫ್ ಮೋಡ್‌ಗೆ ಹೋಗಿ ಅವನನ್ನೂ ಕಿತ್ತೆ. ಬ್ರೌಸರ್‌ನಲ್ಲಿ ಎಕ್ಸ್‌ಟೆನ್ಷನ್ ತೆಗೆದು, ಗುರುತಿಲ್ಲದ ಪುಟಗಳಿಗೆ ಕೊಟ್ಟಿದ್ದ ನೋಟಿಫಿಕೇಷನ್ ಅನುಮತಿ ರದ್ದು ಮಾಡಿದೆ. ಅರ್ಧದಷ್ಟು ‘ವೈರಸ್ ಬಂದಿದೆ’ ಕೂಗು ಅಲ್ಲಿಂದಲೇ ಬರುತ್ತಿತ್ತು. ‘ಅಲೋ’ ಎಂಬ ಗುಂಡಿಯೂ ಮಾವನಿಗೆ ಓಕೆಯೇ. ಆಮೇಲೆ ಡಿಫೆಂಡರ್‌ನಿಂದ ಪೂರ್ತಿ ಸ್ಕ್ಯಾನ್. ಹೀಗೆ ಹೆದರಿಸಿ, ಸುಳ್ಳು ದೊಡ್ಡದು ಮಾಡಿ ಹಣ ಕೇಳುವ ಕ್ಲೀನರ್‌ಗಳನ್ನು ಬೇಡದ ತಂತ್ರಾಂಶವೆಂದು ಹಿಡಿದು ತೆಗೆಯುವ ನಿಯಮವನ್ನು ಮೈಕ್ರೋಸಾಫ್ಟ್ 2018ರ ಮಾರ್ಚ್ 1ರಿಂದಲೇ ಜಾರಿಗೆ ತಂದಿದೆ. ನಾವು ಅದಕ್ಕೆ ಅಡ್ಡ ಬರಬಾರದು, ಅಷ್ಟೇ. ಕಸ ಗುಡಿಸಲೇಬೇಕೆಂಬ ಆಸೆಯಿದ್ದವರಿಗೆ ವಿಂಡೋಸ್ ಒಳಗೇ ಡಿಸ್ಕ್ ಕ್ಲೀನಪ್ ಇದೆ. ಅದು ಕಾಸು ಕೇಳುವುದಿಲ್ಲ, ಅಳುವುದಿಲ್ಲ.

ಈ ಹೊತ್ತೆಲ್ಲ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಅವರು ಕಂಪ್ಯೂಟರ್ ಮುಟ್ಟಿದವರಲ್ಲ. ಎಲ್ಲ ಮುಗಿದ ಮೇಲೆ ಬಾಯಿಬಿಟ್ಟರು:

“ಹೋದ ತಿಂಗಳು ಒಡವೆ ಪಾಲಿಶ್ ಮಾಡೋರು ಬಂದಿದ್ರು. ‘ಅಮ್ಮಾ, ನಿಮ್ಮ ಸರ ಎಷ್ಟು ಕಪ್ಪಾಗಿದೆ ನೋಡಿ, ತೊಳೆದು ಕೊಡ್ತೀವಿ’ ಅಂದ್ರು. ನಾನು ಗೇಟೂ ತೆಗೀಲಿಲ್ಲ. ನಿಮ್ಮ ಮಾವ ಅಂಥೋರಿಗೆ ಕುರ್ಚಿ ಹಾಕಿ ಕೂರಿಸಿದಾರೆ.”

ಅಂದೇ ಗಣಕದಲ್ಲಿ ಎರಡು ಖಾತೆ ಮಾಡಿದೆ. ಮಾವನಿಗೆ ಸ್ಟ್ಯಾಂಡರ್ಡ್ ಅಕೌಂಟ್; ಪಹಣಿ, ನುಡಿ, ಮೊಮ್ಮಗಳ ಫೋಟೋ ಯಾವುದಕ್ಕೂ ಅಡ್ಡಿಯಿಲ್ಲ. ಹೊಸದಾಗಿ ಏನಾದರೂ ಹಾಕಬೇಕೆಂದರೆ ಸಾಮಾನ್ಯವಾಗಿ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ. ಅದು ಅತ್ತೆಯ ಹತ್ತಿರ. ಆಮೇಲೆ ಮಾವ ಎರಡು ಸಲ ಅಡುಗೆಮನೆಗೆ ಹೋಗಿ ಕೇಳಿದ್ದಾರಂತೆ, ಎರಡು ಸಲವೂ ಕಾಫಿ ಮಾತ್ರ ಸಿಕ್ಕಿದೆ.

ತರೀಕೆರೆಯ ಮಾವನ ಕಾರ್ಡನ್ನು ಬ್ಯಾಂಕಿಗೆ ಹೇಳಿ ನಿಲ್ಲಿಸಿದ್ದಾಯಿತು. ಅಜ್ಜಂಪುರದ ಮೂರು ಕ್ಲೀನರ್‌ಗಳ ಪಂಚಾಯ್ತಿ ಇನ್ನೂ ಬಾಕಿಯಿದೆ. ನಿಮ್ಮ ಮನೆಯಲ್ಲೂ ಓಕೆ ಮಾವನೊಬ್ಬ ಇದ್ದು ಈಗಾಗಲೇ ಹಣ ಕೊಟ್ಟಿದ್ದರೆ ಮೊದಲು ಬ್ಯಾಂಕಿಗೆ, ಹಾಗೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಇನ್ನೂ ಕೊಟ್ಟಿಲ್ಲವಾದರೆ, ದಯವಿಟ್ಟು ಇವತ್ತೇ ಪಾಸ್‌ವರ್ಡನ್ನು ಅತ್ತೆಯ ಕೈಗೆ ಕೊಟ್ಟುಬಿಡಿ.