ಹ್ಯಾಷ್‌ಟ್ಯಾಗ್ ಮತ್ತು ಸಂಬೋಧನಾ ವಿಭಕ್ತಿ: ಒಂದು ಅಪೂರ್ವ ಸಂಶೋಧನೆ

ಅಂತರ್ಜಾಲದ ಹಣೆಪಟ್ಟಿಗಳ ವ್ಯಾಕರಣವನ್ನು ಪೂರ್ವಸೂರಿಗಳು ಅರ್ಧಕ್ಕೇ ಕೈಬಿಟ್ಟಿದ್ದಾರೆ ಎಂಬುದು ಪ್ರಸ್ತುತ ಪ್ರಬಂಧದ ಪ್ರಮೇಯ. ಗೋಲ್ಡರ್ ಮತ್ತು ಹ್ಯೂಬರ್‌ಮನ್ ಎಂಬ ವಿದ್ವಾಂಸರು ಡೆಲಿಷಿಯಸ್ ತಾಣದಲ್ಲಿ ಜನ ತಮ್ಮ ಕೊಂಡಿಗಳಿಗೆ ಅಂಟಿಸಿದ್ದ ಟ್ಯಾಗ್‌ಗಳನ್ನು ಜಾಲಾಡಿ, ಅವು ಏಳು ಬಗೆಯ ಕೆಲಸ ಮಾಡುತ್ತವೆಂದು 2006ರಲ್ಲಿ ಸಾರಿದರು: ಯಾವುದರ ಬಗ್ಗೆ, ಇದೇನು, ಯಾರದು, ಎಂಥದು, ‘ನನ್ನದು’, ‘ಆಮೇಲೆ ಓದಬೇಕು’ ಇತ್ಯಾದಿ. ಏಳು! ಶಾಲೆಯಲ್ಲಿ ವಿಭಕ್ತಿ ಉರುಹೊಡೆದವನಿಗೆ ಇಷ್ಟು ಸುಳಿವು ಸಾಕು. ‘ಆಮೇಲೆ ಓದಬೇಕು’ ಎಂಬುದನ್ನು ನಾನು ನಿಸ್ಸಂಶಯವಾಗಿ ಪಂಚಮಿ ಎಂದು ಗುರುತಿಸಿದ್ದೇನೆ. ‘ದೆಸೆಯಿಂದ’ದ ಹಾಗೆ ಅದೂ ಪಟ್ಟಿಯಲ್ಲಿರುತ್ತದೆ, ಬಳಕೆಗೆ ಬರುವುದಿಲ್ಲ.

ಎಂಟನೆಯ ಸಂಬೋಧನೆ ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಟ್ವಿಟರಿನಲ್ಲಿ ಪದದ ಮುಂದೆ # ಹಾಕೋಣವೇ ಎಂದು ಕ್ರಿಸ್ ಮೆಸ್ಸಿನಾ ಕೇಳಿದ್ದೇ 2007ರ ಆಗಸ್ಟ್‌ನಲ್ಲಿ. ಇನ್‌ಸ್ಟಾಗ್ರಾಮ್ ಹುಟ್ಟಿದ್ದು ಇನ್ನೂ ಮೂರು ವರ್ಷಕ್ಕೆ.

ಈಗ ಪ್ರಯೋಗ. ವಸ್ತು: ಗಾಂಧಿಬಜಾರಿನ ಒಂದು ಬೆಣ್ಣೆ ಮಸಾಲೆ ದೋಸೆಯ ಫೋಟೋ. 1933ರಲ್ಲಿ ದ್ವಿಬಿಂದು ವರ್ಗೀಕರಣ ಪ್ರಕಟಿಸಿ, 1962ರಲ್ಲಿ ಬೆಂಗಳೂರಿನಲ್ಲೇ ದಾಖಲೀಕರಣ ಸಂಶೋಧನಾ ಕೇಂದ್ರ ಕಟ್ಟಿದ ಎಸ್.ಆರ್. ರಂಗನಾಥನ್ ಅವರ ಪ್ರಕಾರ ಯಾವುದೇ ವಿಷಯಕ್ಕೆ ಐದು ಮುಖ: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಹಾಗಾಗಿ ದೋಸೆ, ಬೆಣ್ಣೆ, ಹುಯ್ಯುವಿಕೆ, ಗಾಂಧಿಬಜಾರು, ಭಾನುವಾರ ಬೆಳಿಗ್ಗೆ. ಮುಗಿಯಿತು. ಗ್ರಂಥಪಾಲಕರು ಕೈತೊಳೆದುಕೊಂಡು ಊಟಕ್ಕೆ ಏಳಬಹುದು.

ಫೋಟೋದ ಕೆಳಗೆ ಕಂಡದ್ದು ಬೇರೆ: #ದೋಸೆ #ಡೋಸಾ #ನಮ್ಮಬೆಂಗಳೂರು #ಸಂಡೇಮೂಡ್ #ಲವ್ #ಕೆಜಿಎಫ್ #ಈಸಲಕಪ್‌ನಮ್ದೇ #ವೈರಲ್. ಪ್ರೀತಿ ಹುಡುಕುತ್ತ ಬಂದವನಿಗೆ ದೋಸೆ ಸಿಗುತ್ತದೆ (ನಷ್ಟವೇನಿಲ್ಲ). ಆದರೆ ‘ವೈರಲ್’ ಎಂಬ ಟ್ಯಾಗ್ ದೋಸೆಯ ಯಾವ ಗುಣವನ್ನು ಹೇಳುತ್ತಿದೆ? ಹನ್ನೆರಡು ಲೈಕು ಬಿದ್ದ ಚಿತ್ರ ಯಾವ ನ್ಯಾಯದಲ್ಲಿ ವೈರಲ್? ಅದು ವರ್ಣನೆಯಲ್ಲ, ಮೊರೆ. ಕಣ್ಣಿಗೆ ಕಾಣದ ಅಲ್ಗಾರಿದಮ್ ಸ್ವಾಮಿಯನ್ನು ಭಕ್ತ ಕೂಗಿ ಕರೆಯುತ್ತಿದ್ದಾನೆ.

ಪ್ರಬಲ ಸಾಕ್ಷ್ಯವನ್ನು ಬೆಂಗಳೂರಿನ ಕ್ರಿಕೆಟ್ ತಂಡ ಆರ್‌ಸಿಬಿಯ ಅಭಿಮಾನಿಗಳ ‘ಈ ಸಲ ಕಪ್ ನಮ್ದೇ’ ಘೋಷಣೆ ಒದಗಿಸಿದೆ. ‘ನಮ್ದೇ’ ಎಂಬಲ್ಲಿನ ಏಕಾರ ಅವಧಾರಣೆಯದು ಎನ್ನುವ ಪಂಡಿತರುಂಟು. ನಾನು ಒಪ್ಪುವುದಿಲ್ಲ, ಅದು ‘ದೇವರೇ’ ಎಂಬಲ್ಲಿರುವ ಏಕಾರ, ವರ್ಷವರ್ಷವೂ ಕೂಗಿದ ಕೂಗು. ಕಪ್ ಕೈಗೆ ಸಿಗುವವರೆಗೂ ಏಕಾರ ಬೇಕಿತ್ತು. 2024ರಲ್ಲಿ ಮಹಿಳಾ ತಂಡ ಗೆದ್ದ ರಾತ್ರಿ ನಾಯಕಿ ಸ್ಮೃತಿ ಮಂಧಾನ ಏನೆಂದರು? ‘ನಮ್ದು’ ಎಂದರು. ವರ ಸಿಕ್ಕಿತು, ಪ್ರತ್ಯಯ ಲೋಪವಾಯಿತು. ಇದಕ್ಕಿಂತ ಸ್ವಚ್ಛವಾದ ಲೋಪಸಂಧಿಯನ್ನು ನಾನು ಕಂಡಿಲ್ಲ.

ಆದ್ದರಿಂದ ಸಂಬೋಧನೆಯ ಪ್ರತ್ಯಯಗಳ ಸಾಲಿಗೆ # ಅನ್ನೂ ಸೇರಿಸಬೇಕೆಂದು ಪಠ್ಯಪುಸ್ತಕ ಸಮಿತಿಯವರಲ್ಲಿ ಸವಿನಯ ಪ್ರಾರ್ಥನೆ. ಪ್ರತ್ಯಯ ಪದದ ಕೊನೆಗೆ ಬರಬೇಕು, ಇದು ಮೊದಲಿಗೇ ಬಂದು ಕೂತಿದೆ ಎಂದು ಯಾರಾದರೂ ತಕರಾರು ಎತ್ತಿದರೆ, ‘ಎಲೈ’, ‘ಓ’ ಇವು ಎಲ್ಲಿ ಕೂರುತ್ತವೆಂದು ಅವರೇ ಹೇಳಲಿ.