ಸುಶಿ ಬೇಕೇ? ಕಾರಿನ ಕಂಪನಿ ಹುಡುಕಿ

ಲಾಸ್ ಏಂಜಲೀಸ್‌ನಲ್ಲಿ ಒಳ್ಳೆಯ ಸುಶಿ ತಿನ್ನಲು ನಗರದ ನಡುವಿನ ಲಿಟಲ್ ಟೋಕಿಯೋಗೇ ಹೋಗಬೇಕೆಂದಿಲ್ಲ. ದಕ್ಷಿಣದ ಉಪನಗರ ಟೊರೆನ್ಸ್ ಕಡೆ ಗಾಡಿ ತಿರುಗಿಸಿದರೂ ಸಾಕು. ನೋಟಕ್ಕೆ ಅಂಥ ಆಕರ್ಷಣೆಯೇನಿಲ್ಲ: ಮೈದಾನದಂಥ ಪಾರ್ಕಿಂಗ್, ಒಂದು ಡ್ರೈ ಕ್ಲೀನರ್, ಉಗುರಿಗೆ ಬಣ್ಣ ಹಚ್ಚುವ ಅಂಗಡಿ, ನಡುವೆ ಪರದೆ ಇಳಿಬಿಟ್ಟ ಪುಟ್ಟ ಬಾಗಿಲು. ಸುಶಿ ಇರುವುದು ಆ ಬಾಗಿಲ ಹಿಂದೆ!

ಈ ಭಾಗ್ಯಕ್ಕೆ ಕಾರಣ ಕಾರು. ಹೋಂಡಾ, ಟೊಯೋಟಾಗಳ ಅಮೆರಿಕದ ಮುಖ್ಯ ಕಚೇರಿಗಳು ಇಲ್ಲಿ ನೆಲೆಯೂರಿದವು. ಕಚೇರಿಯ ಹಿಂದೆ ಜಪಾನಿನ ನೌಕರರು, ಅವರ ಹಿಂದೆ ಅವರ ಹಸಿವು! 2017ರಲ್ಲಿ ಟೊಯೋಟಾ ಗಂಟುಮೂಟೆ ಕಟ್ಟಿಕೊಂಡು ಟೆಕ್ಸಸ್‌ನ ಡಲ್ಲಾಸ್ ಪಕ್ಕದ ಪ್ಲೇನೊಗೆ ಹೊರಟಿತು. ಅದೇ ವರ್ಷ ಜಪಾನೀ ದಿನಸಿಗೆ ಹೆಸರಾದ ಮಿತ್ಸುವಾ ಕೂಡ ಅಲ್ಲಿ ಮಳಿಗೆ ತೆರೆಯಿತು.

ಸಮುದ್ರವೇ ಇಲ್ಲದ ಊರಲ್ಲಿ ಮೀನಿನ ಗತಿ? ಚಿಂತೆ ಬೇಡ. ಹಸಿಯಾಗಿ ತಿನ್ನುವ ಹಲವು ಮೀನುಗಳನ್ನು ಹುಳು ಸಾಯಲೆಂದು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡುವುದುಂಟು. ಕಡಲತೀರದಲ್ಲಿ ಕೂತು ತಿಂದರೂ ತಟ್ಟೆಗೆ ಬರುವುದು ಫ್ರೀಜರ್ ಕಂಡ ಮೀನೇ ಇರಬಹುದು.

ಆದ್ದರಿಂದ ಪರೀಕ್ಷಿಸಬೇಕಾದದ್ದು ಅನ್ನವನ್ನು. ವಿನೆಗರ್ ಬೆರೆಸಿದ ಅಗುಳು ಉಗುರುಬೆಚ್ಚಗಿರಬೇಕು, ಕೈಯಲ್ಲಿ ನಿಂತು ಬಾಯಲ್ಲಿ ಬಿಡಿಸಿಕೊಳ್ಳಬೇಕು. ಫ್ರಿಜ್‌ನಲ್ಲಿಟ್ಟು ಗಟ್ಟಿಯಾದ ಅನ್ನ ಬಂದರೆ ಬಿಲ್ ಕೇಳಿ. ಪಕ್ಕದ ಹಸಿರು ಮುದ್ದೆಯನ್ನು ಅಸಲಿ ವಸಾಬಿ ಎಂದು ಮಾತ್ರ ನಂಬಬೇಡಿ. ಬಹುತೇಕ ಕಡೆ ಅದು ಬಣ್ಣ ಹಚ್ಚಿದ ಹಾರ್ಸ್‌ರ‍್ಯಾಡಿಶ್ ಗಡ್ಡೆ.